ಓಟವೂ ಒಂದು ಬಗೆಯ ಬೇಡಿಕೆ: ಸಹಾಯಾರ್ಥ ಓಟಗಳ ಕಥೆ

ಏಪ್ರಿಲ್ ತಿಂಗಳು ಬಂತೆಂದರೆ ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. "ಸಾರ್, ಈ ಸಲ ಹತ್ತು ಕಿಲೋಮೀಟರ್ ಓಡುತ್ತಿದ್ದೇನೆ. ಕ್ಯಾನ್ಸರ್ ರೋಗಿಗಳಿಗೆ ಹಣ ಕೂಡಿಸುತ್ತಿದ್ದೇವೆ. ನಿಮ್ಮ ಕೈಲಾದಷ್ಟು ಕೊಡಿ" ಎಂಬುದು ಅವುಗಳ ಒಕ್ಕಣೆ. ನಾನೂ ನನ್ನ ನಿವೃತ್ತಿ ವೇತನದ ಮಿತಿಯೊಳಗೆ ಕೊಡುತ್ತೇನೆ. ನಮ್ಮ ಮನೆಯ ಹಿರಿಯರಾದ ಭಾವನವರಿಗೆ ಮಾತ್ರ ಇದು ಒಗಟು. "ಹಣ ಕೊಡುವುದಾದರೆ ಆಸ್ಪತ್ರೆಗೆ ನೇರವಾಗಿ ಕೊಡಬಹುದಲ್ಲ? ಇವನು ಬೆವರು ಸುರಿಸಿ ಓಡಿದರೆ ಯಾರದೋ ರೋಗ ವಾಸಿಯಾಗುತ್ತದೆಯೇ?" ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಳವಾಗಿ ಕಂಡರೂ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಮೂರೂವರೆ ದಶಕ ಇತಿಹಾಸ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ ಎದುರಾದರೆ, ಅದು ಎಲ್ಲಿಂದ ಆರಂಭವಾಯಿತೆಂದು ಹುಡುಕುವುದೇ ಅಭ್ಯಾಸ. ಆ ಹುಡುಕಾಟದ ಫಲವೇ ಈ ಬರಹ.

ಓಟಕ್ಕೆ ಮೊದಲು ಕಾಸಿನ ಕಥೆಯನ್ನು ಹೇಳಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಹಲವರಿಗೆ ಕ್ಷಯರೋಗ ನಿವಾರಣಾ ಸೀಲುಗಳ ನೆನಪಿರಬಹುದು. ಅಂಚೆಚೀಟಿಯನ್ನೇ ಹೋಲುವ, ಆದರೆ ಅಂಚೆಗೆ ನಡೆಯದ ಆ ಬಣ್ಣದ ಚೀಟಿಗಳ ಹಾಳೆಯನ್ನು ತರಗತಿಗೆ ತಂದು ಮಾರುವುದು ನಮ್ಮಂಥ ಉಪಾಧ್ಯಾಯರ ಪಾಲಿಗೆ ಬರುತ್ತಿದ್ದ ಕೆಲಸಗಳಲ್ಲೊಂದು. ಮಕ್ಕಳು ಅದನ್ನು ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿಕೊಳ್ಳುತ್ತಿದ್ದರು. ಈ ಸೀಲಿನ ಮೂಲ ಡೆನ್ಮಾರ್ಕ್ ದೇಶದಲ್ಲಿದೆ. ಐನಾರ್ ಹೋಲ್ಬೋಲ್ ಎಂಬ ಅಂಚೆ ಕಛೇರಿಯ ನೌಕರ, ಕ್ರಿಸ್‌ಮಸ್ ಕಾಲದ ಪತ್ರಗಳ ರಾಶಿಯ ನಡುವೆ ಕುಳಿತು, ಪ್ರತಿ ಪತ್ರದ ಮೇಲೂ ಜನ ಒಂದು ಅಗ್ಗದ ಹೆಚ್ಚುವರಿ ಚೀಟಿ ಅಂಟಿಸಿದರೆ ಕ್ಷಯ ಪೀಡಿತ ಮಕ್ಕಳಿಗೆ ಆಸ್ಪತ್ರೆ ಕಟ್ಟಬಹುದಲ್ಲ ಎಂದು ಯೋಚಿಸಿದರು. 1904ರಲ್ಲಿ ಮೊದಲ ಸೀಲು ಹೊರಬಂದಿತು. ಆಸ್ಪತ್ರೆಯೂ ಆಯಿತು. ಅದುವರೆಗೆ ದಾನವೆಂದರೆ ರಾಜರ, ಜಮೀನುದಾರರ, ಸಾಹುಕಾರರ ಕೆಲಸವಾಗಿತ್ತು. ಶಾಸನಗಳನ್ನು ಓದಿದವರಿಗೆ ಇದು ತಿಳಿದದ್ದೇ: ಕೊಟ್ಟವನ ಹೆಸರು ಕಲ್ಲಿನ ಮೇಲೆ, ಪಡೆದವನು ಅದರ ನೆರಳಿನಲ್ಲಿ. ಹೋಲ್ಬೋಲರ ಚೀಟಿಯಲ್ಲಿ ಕೊಟ್ಟವನ ಹೆಸರೇ ಇರಲಿಲ್ಲ.

ಇದರ ಎರಡನೆಯ ಅಧ್ಯಾಯ ನಡೆದದ್ದು ಅಮೆರಿಕದಲ್ಲಿ. ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಲುಗಳು ರೋಗದಿಂದ ಶಕ್ತಿ ಕಳೆದುಕೊಂಡಿದ್ದವು. ಆ ರೋಗ ಪೋಲಿಯೊ ಎಂದೇ ವೈದ್ಯರು ನಿರ್ಧರಿಸಿದ್ದರು. 1938ರಲ್ಲಿ ಅವರು ಪೋಲಿಯೊ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದಾಗ, ಎಡ್ಡಿ ಕ್ಯಾಂಟರ್ ಎಂಬ ಹಾಸ್ಯ ಕಲಾವಿದರು ರೇಡಿಯೊದಲ್ಲಿ ಜನರಿಗೆ ಒಂದು ಕರೆ ಕೊಟ್ಟರು. ಪ್ರತಿಯೊಬ್ಬರೂ ಒಂದು ಡೈಮ್, ಅಂದರೆ ಡಾಲರಿನ ಹತ್ತನೆಯ ಒಂದು ಭಾಗದ ನಾಣ್ಯವನ್ನು, ನೇರವಾಗಿ ಅಧ್ಯಕ್ಷರ ಮನೆಗೆ ಅಂಚೆಯಲ್ಲಿ ಕಳುಹಿಸಬೇಕೆಂದು. ಶ್ವೇತಭವನದ ಅಂಚೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಲಕೋಟೆಗಳು ಬಂದು ಬಿದ್ದವು. ಬಂದ ಡೈಮ್‌ಗಳ ಸಂಖ್ಯೆ 26 ಲಕ್ಷವನ್ನು ಮೀರಿತ್ತು. ಮುಂದೆ ಈ ಪುಡಿಗಾಸಿನಿಂದಲೇ ಜೋನಾಸ್ ಸಾಲ್ಕ್ ಅವರ ಲಸಿಕೆಯ ಸಂಶೋಧನೆಗೂ ಪರೀಕ್ಷೆಗೂ ಹಣ ಒದಗಿತು. ಲಸಿಕೆ ಫಲಕಾರಿ ಎಂದು ಸಾರಿದ ದಿನ 1955ರ ಏಪ್ರಿಲ್ 12. ಈ ತಾರೀಖನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಸು ಕೇಳುವುದರ ಜೊತೆಗೆ ಕಾಲ್ನಡಿಗೆ ಸೇರಿಕೊಂಡದ್ದು ಎರಡನೆಯ ಮಹಾಯುದ್ಧದ ನಂತರದ ಪೀಳಿಗೆಯಲ್ಲಿ. ಕೆನಡಾ ತನ್ನ ಒಕ್ಕೂಟದ ಶತಮಾನೋತ್ಸವ ಆಚರಿಸಿದ 1967ರಲ್ಲಿ 'ಮೈಲ್ಸ್ ಫಾರ್ ಮಿಲಿಯನ್ಸ್' ಎಂಬ ಹೆಸರಿನ ನಡಿಗೆಗಳು ನಡೆದವು. ಶಾಲಾ ಮಕ್ಕಳು ಮೊದಲು ನೆರೆಹೊರೆಯವರ ಬಳಿ ಹೋಗಿ, "ನಾನು ನಡೆಯುವ ಪ್ರತಿ ಮೈಲಿಗೆ ಇಷ್ಟು ಕಾಸು ಕೊಡುವಿರಾ?" ಎಂದು ಕೇಳಿ ಹಾಳೆಯಲ್ಲಿ ಬರೆಸಿಕೊಳ್ಳುತ್ತಿದ್ದರು. ನಡೆದು ಬಂದ ಮೇಲೆ ವಸೂಲಿ. ಇಲ್ಲಿ ಒಂದು ಸೂಕ್ಷ್ಮ ಬದಲಾವಣೆ ಆಗಿದೆ. ಕೇಳುವವನು ಬರಿಗೈಯಲ್ಲಿ ಕೇಳುತ್ತಿಲ್ಲ. ತಾನು ಮೊದಲು ಏನನ್ನೋ ತೆತ್ತು ಅನಂತರ ಕೇಳುತ್ತಿದ್ದಾನೆ. ಪಂಢರಪುರಕ್ಕೂ ಧರ್ಮಸ್ಥಳಕ್ಕೂ ಬಸ್ಸುಗಳಿರುವಾಗಲೂ ನಡೆದೇ ಹೋಗುವವರನ್ನು ಕಂಡಿರುವ ನಮಗೆ ಈ ತರ್ಕ ಹೊಸದೇನಲ್ಲ. ಹರಕೆ ಹೊತ್ತವನು ದೇಹವನ್ನು ದಂಡಿಸುವುದು ದೇವರಿಗೆ ತನ್ನ ಮಾತಿನ ತೂಕ ತಿಳಿಯಲಿ ಎಂದು.

ಈ ನಡಿಗೆಯನ್ನು ಓಟವಾಗಿಸಿ ಜಗತ್ತಿಗೆಲ್ಲ ಹಬ್ಬಿಸಿದ ಹುಡುಗನ ಹೆಸರು ಟೆರಿ ಫಾಕ್ಸ್. ಅವನು ಹುಟ್ಟಿದ್ದು 1958ರ ಜುಲೈ 28ರಂದು, ಕೆನಡಾದ ವಿನಿಪೆಗ್ ನಗರದಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ಓರಗೆಯವನಾದ್ದರಿಂದ ಏಕವಚನದಲ್ಲಿಯೇ ಕರೆಯುತ್ತಿದ್ದೇನೆ. ಅಗೌರವವೆಂದು ಯಾರೂ ಭಾವಿಸಬಾರದು. ಅವನು ಬೆಳೆದದ್ದು ಪಶ್ಚಿಮದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಪೋರ್ಟ್ ಕೊಕ್ವಿಟ್ಲಮ್ ಎಂಬ ಊರಿನಲ್ಲಿ. ಬಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಆದರೆ ಎತ್ತರವಿಲ್ಲ, ವಿಶೇಷ ಪ್ರತಿಭೆಯೂ ಇಲ್ಲ. ಹಟ ಮಾತ್ರ ಇತ್ತು. 1977ರ ಮಾರ್ಚಿಯಲ್ಲಿ ಅವನ ಬಲ ಮೊಣಕಾಲಿನ ನೋವು ಮೂಳೆಯ ಕ್ಯಾನ್ಸರ್ ಎಂದು ತಿಳಿಯಿತು. ಮೊಣಕಾಲಿಗಿಂತ ಸುಮಾರು ಆರಂಗುಲ ಮೇಲಕ್ಕೆ ಕಾಲನ್ನು ಕತ್ತರಿಸಿದರು. ಆಗ ಅವನಿಗೆ ಹದಿನೆಂಟು ವರ್ಷ.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ, ಅವನಿಗೆ ಪ್ರೌಢಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಕಲಿಸಿದ ತರಬೇತುದಾರರು ಒಂದು ಪತ್ರಿಕೆಯನ್ನು ತಂದುಕೊಟ್ಟರು. ಅದರಲ್ಲಿ ಡಿಕ್ ಟ್ರಾಮ್ ಎಂಬಾತ ಕೃತಕ ಕಾಲಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಓಟವನ್ನು ಪೂರೈಸಿದ ವರದಿಯಿತ್ತು. ಟ್ರಾಮ್ ಅದನ್ನು ಸಾಧಿಸಿದ್ದು 1976ರಲ್ಲಿ. ಉಪಾಧ್ಯಾಯ ವೃತ್ತಿಯವರಾದ ನಮಗೆ ಈ ಪ್ರಸಂಗ ಬಹಳ ಆಪ್ತವಾದುದು. ಆ ಮೇಷ್ಟ್ರು ಉಪದೇಶ ಮಾಡಲಿಲ್ಲ, "ಧೈರ್ಯವಾಗಿರು" ಎನ್ನಲಿಲ್ಲ. ಓದಲು ಒಂದು ಪುಟ ಕೊಟ್ಟು ಹೋದರು.

ಅನಂತರ ಹದಿನಾರು ತಿಂಗಳ ಕಿಮೊಥೆರಪಿ. ಆ ವಾರ್ಡಿನಲ್ಲಿ ಟೆರಿ ಎರಡು ಸಂಗತಿಗಳನ್ನು ಕಂಡ. ಮೊದಲನೆಯದು, ತನಗಿಂತ ಚಿಕ್ಕ ಮಕ್ಕಳೂ ಸೇರಿದಂತೆ ಸುತ್ತಲಿನವರ ನರಳಾಟ ಮತ್ತು ಖಾಲಿಯಾಗುತ್ತಿದ್ದ ಹಾಸಿಗೆಗಳು. ಎರಡನೆಯದು, ಒಂದು ಲೆಕ್ಕ. ಅವನ ಬಗೆಯ ಕ್ಯಾನ್ಸರಿನಲ್ಲಿ ಬದುಕುಳಿಯುವ ಸಂಭವ ನೂರಕ್ಕೆ 50 ಎಂದು ವೈದ್ಯರು ಹೇಳಿದ್ದರು. ಕೇವಲ ಎರಡು ವರ್ಷಗಳ ಹಿಂದೆ ಅದು ನೂರಕ್ಕೆ 15 ಆಗಿತ್ತಂತೆ. ನಡುವೆ ಬಂದದ್ದು ಹೊಸ ಔಷಧಗಳು, ಅಂದರೆ ಸಂಶೋಧನೆ, ಅಂದರೆ ಯಾರೋ ಕೊಟ್ಟ ಹಣ. ತನ್ನ ಬದುಕಿನ ಆ ಹೆಚ್ಚಿನ ಮೂವತ್ತೈದು ಪಾಲು ಅಪರಿಚಿತರ ಋಣ ಎಂಬುದು ಆ ಹುಡುಗನಿಗೆ ಅರ್ಥವಾಯಿತು. ಭಾವನವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆಯೆಂದು ನನಗನಿಸುತ್ತದೆ.

ಹದಿನಾಲ್ಕು ತಿಂಗಳು ಅಭ್ಯಾಸ ಮಾಡಿದ. 1979ರಲ್ಲಿ ಪ್ರಿನ್ಸ್ ಜಾರ್ಜ್ ಎಂಬ ಊರಿನ ಹದಿನೇಳು ಮೈಲಿಯ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಕೊನೆಯವನಾಗಿ ಬಂದ, ಆದರೂ ಮುಗಿಸಿದ. ಕ್ಯಾನ್ಸರ್ ಸಂಸ್ಥೆಗೆ ಪತ್ರ ಬರೆದು, ದೇಶದ ಪೂರ್ವ ತೀರದಿಂದ ಪಶ್ಚಿಮ ತೀರದವರೆಗೆ ಓಡಿ ಸಂಶೋಧನೆಗೆ ಹಣ ಕೂಡಿಸುವುದಾಗಿ ತಿಳಿಸಿದ. ವಾಹನ, ಪೆಟ್ರೋಲು, ಪಾದರಕ್ಷೆಗಳು ಕಂಪನಿಗಳಿಂದ ದೊರೆತವು. ಆದರೆ ತನ್ನ ಓಟವನ್ನು ಯಾವ ಸರಕಿನ ಜಾಹೀರಾತಿಗೂ ಬಳಸಬಾರದು, ಓಟದಿಂದ ಯಾರೂ ಲಾಭ ಮಾಡಿಕೊಳ್ಳಬಾರದು ಎಂಬ ಕಟ್ಟುಪಾಡನ್ನು ಆರಂಭದಲ್ಲಿಯೇ ಹಾಕಿದ.

1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲೆಂಡಿನ ಸೇಂಟ್ ಜಾನ್ಸ್ ಬಂದರಿನಲ್ಲಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದಲ್ಲಿ ಅದ್ದಿ ಅವನು ಓಟ ಆರಂಭಿಸಿದ. ಪೋಲಿಯೊ ಲಸಿಕೆಯ ಘೋಷಣೆಯಾಗಿ ಅಂದಿಗೆ ಸರಿಯಾಗಿ ಇಪ್ಪತ್ತೈದು ವರ್ಷ. ಇದು ಕಾಕತಾಳೀಯವೇ ಹೊರತು ಬೇರೇನೂ ಅಲ್ಲ. ಆದರೆ ಇತಿಹಾಸದ ಮೇಷ್ಟ್ರುಗಳಿಗೆ ತಾರೀಖುಗಳ ಚಪಲ ಬಿಡದು. ಸಾಗರದ ನೀರನ್ನು ಎರಡು ಬಾಟಲಿಗಳಲ್ಲಿ ತುಂಬಿಕೊಂಡ. ಒಂದು ನೆನಪಿಗೆ, ಇನ್ನೊಂದು ಪಶ್ಚಿಮ ತೀರದಲ್ಲಿ ಪೆಸಿಫಿಕ್ ಸಾಗರಕ್ಕೆ ಸುರಿಯಲು. ಡಗ್ ಆಲ್ವರ್ಡ್ ಎಂಬ ಗೆಳೆಯ ಹಿಂದೆ ವ್ಯಾನು ಓಡಿಸುತ್ತಿದ್ದ. ಮುಂದೆ ತಮ್ಮ ಡ್ಯಾರೆಲ್ ಕೂಡ ಜೊತೆಯಾದ.

ದಿನಕ್ಕೆ ಸುಮಾರು 42 ಕಿಲೋಮೀಟರ್, ಅಂದರೆ ಪ್ರತಿದಿನವೂ ಒಂದು ಮ್ಯಾರಥಾನ್. ನಸುಕಿನಲ್ಲಿ ಎದ್ದು ಕತ್ತಲೆಯಲ್ಲಿಯೇ ಆರಂಭ. ಇಂದಿನ ಓಟಗಾರರ ಹಗುರವಾದ ಬಾಗುವ ಪಟ್ಟಿಯ ಕಾಲು ಆಗ ಇರಲಿಲ್ಲ. ಅವನದು ನಡೆಯಲೆಂದು ಮಾಡಿದ ಲೋಹದ, ಫೈಬರಿನ ಕಾಲು. ಆದ್ದರಿಂದ ಒಳ್ಳೆಯ ಕಾಲಿನ ಮೇಲೆ ಎರಡು ಬಾರಿ ಕುಪ್ಪಳಿಸಿ ಒಮ್ಮೆ ಕೃತಕ ಕಾಲನ್ನು ಊರುವ ವಿಚಿತ್ರ ಲಯ ಅವನ ಓಟಕ್ಕಿತ್ತು. ತುಂಡಾದ ಕಾಲಿನ ಚರ್ಮ ಉಜ್ಜಿ ರಕ್ತ ಬರುತ್ತಿತ್ತು. ಅವನು ಗಿಡ್ಡ ಚಡ್ಡಿಯನ್ನೇ ತೊಟ್ಟು ಓಡುತ್ತಿದ್ದ ಎಂಬುದನ್ನು ಗಮನಿಸಬೇಕು. ಅಂಗವೈಕಲ್ಯವನ್ನು ಬಟ್ಟೆಯೊಳಗೆ ಮರೆಮಾಚುವುದೇ ಮರ್ಯಾದೆ ಎಂದು ತಿಳಿಯುತ್ತಿದ್ದ ಕಾಲದಲ್ಲಿ ಅವನು ಅದನ್ನು ಹೆದ್ದಾರಿಯ ನಡುವೆ ಎಲ್ಲರ ಕಣ್ಣೆದುರಿಗೆ ತಂದ.

ಮೊದಮೊದಲು ಜನ ಗಮನಿಸಲಿಲ್ಲ. ಚಳಿ, ಮಳೆ, ಎದುರು ಗಾಳಿ. ಕ್ವಿಬೆಕ್ ಪ್ರಾಂತದಲ್ಲಿ ಹಣವೂ ಹುಟ್ಟಲಿಲ್ಲ, ವಾಹನಗಳವರು ಅವನನ್ನು ರಸ್ತೆಯಿಂದ ಕೆಳಗಿಳಿಯುವಂತೆ ಮಾಡುತ್ತಿದ್ದರು. ಆದರೆ ಆರಂಭದ ದಿನಗಳಲ್ಲಿಯೇ ಒಂದು ಊರು ಅವನ ಯೋಚನೆಯನ್ನು ಬದಲಿಸಿತ್ತು. ಪೋರ್ಟ್ ಓ ಬಾಸ್ಕ್ ಎಂಬ ಹತ್ತು ಸಾವಿರ ಜನರ ಆ ಪುಟ್ಟ ಬಂದರು ಹತ್ತು ಸಾವಿರ ಡಾಲರ್ ಕೂಡಿಸಿಕೊಟ್ಟಿತು, ತಲೆಗೊಂದು ಡಾಲರ್. ಇಡೀ ದೇಶವೇ ಹೀಗೆ ಮಾಡಿದರೆ? ಹತ್ತು ಲಕ್ಷ ಡಾಲರಿನ ಗುರಿಯಿಟ್ಟು ಹೊರಟವನು ಕ್ರಮೇಣ ಕೆನಡಾದ ಪ್ರತಿಯೊಬ್ಬನಿಂದ ಒಂದು ಡಾಲರ್, ಒಟ್ಟು ಎರಡು ಕೋಟಿ ನಲವತ್ತು ಲಕ್ಷ ಡಾಲರ್ ಎಂದು ಕೇಳತೊಡಗಿದ. ಫೋರ್ ಸೀಸನ್ಸ್ ಹೋಟೆಲುಗಳ ಒಡೆಯ ಇಸಡೋರ್ ಶಾರ್ಪ್ ಮೈಲಿಗೆ ಎರಡು ಡಾಲರಿನಂತೆ ಕೊಡುವುದಾಗಿ ಘೋಷಿಸಿ, ಇತರ ಉದ್ಯಮಿಗಳಿಗೂ ಹಾಗೆಯೇ ಮಾಡಲು ಸವಾಲೆಸೆದರು. ಇದು ಸಾಹುಕಾರನ ಔದಾರ್ಯ ಮಾತ್ರವಾಗಿರಲಿಲ್ಲ. 1978ರಲ್ಲಿ ಅವರ ಹದಿಹರೆಯದ ಮಗ ಕ್ಯಾನ್ಸರಿನಿಂದ ತೀರಿಕೊಂಡಿದ್ದ.

ಜುಲೈಯಲ್ಲಿ ಟೊರಾಂಟೊ ನಗರ ತಲಪಿದಾಗ ಹತ್ತು ಸಾವಿರ ಜನ ಚೌಕದಲ್ಲಿ ನೆರೆದಿದ್ದರು. ಅಂದು ಒಂದೇ ದಿನದಲ್ಲಿ ಒಂದು ಲಕ್ಷ ಡಾಲರ್ ಕೂಡಿತು. ಆದರೆ ಈ ಓಟದ ನಿಜವಾದ ಶಿಖರ ಅದಲ್ಲವೆಂದು ನನ್ನ ಭಾವನೆ. ಒಂಟೇರಿಯೊದ ಟೆರೇಸ್ ಬೇ ಎಂಬಲ್ಲಿ ಗ್ರೆಗ್ ಸ್ಕಾಟ್ ಎಂಬ ಹತ್ತು ವರ್ಷದ ಬಾಲಕ ಅವನನ್ನು ಭೇಟಿಯಾದ. ಅವನೂ ಇದೇ ಕ್ಯಾನ್ಸರಿಗೆ ಕಾಲು ಕಳೆದುಕೊಂಡಿದ್ದ. ಒಟ್ಟಿಗೆ ಸರೋವರದಲ್ಲಿ ಈಜಿದರು. ಟೆರಿ ಓಡುತ್ತಿದ್ದಾಗ ಗ್ರೆಗ್ ಹಿಂದಿನಿಂದ ಸೈಕಲ್ ತುಳಿಯುತ್ತ ಆರು ಮೈಲಿ ಬಂದ. ತನ್ನ ಓಟದಲ್ಲಿಯೇ ಅತ್ಯಂತ ಸ್ಫೂರ್ತಿದಾಯಕ ದಿನ ಅದು ಎಂಬ ಅರ್ಥದ ಮಾತನ್ನು ಟೆರಿ ಆಡಿದ್ದಾನೆ.

ಸೆಪ್ಟೆಂಬರ್ 1ರಂದು ಥಂಡರ್ ಬೇ ನಗರದ ಹೊರವಲಯದಲ್ಲಿ ಕೆಮ್ಮು ಮತ್ತು ಎದೆನೋವು ಅವನನ್ನು ನಿಲ್ಲಿಸಿದವು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 143 ದಿನ, 5,373 ಕಿಲೋಮೀಟರ್. ಅದುವರೆಗೆ ಕೂಡಿದ್ದು 17 ಲಕ್ಷ ಡಾಲರ್. ಒಂದು ವಾರದ ನಂತರ ಸಿಟಿವಿ ದೂರದರ್ಶನ ನಡೆಸಿದ ಸಹಾಯಾರ್ಥ ಕಾರ್ಯಕ್ರಮದಲ್ಲಿ ಒಂದು ಕೋಟಿಗೂ ಹೆಚ್ಚು ಡಾಲರ್ ಬಂದಿತು. 1981ರ ಫೆಬ್ರವರಿಯ ಹೊತ್ತಿಗೆ ಮೊತ್ತ 2 ಕೋಟಿ 41 ಲಕ್ಷ ಡಾಲರಿಗೆ ಮುಟ್ಟಿತು. ಆಗ ಕೆನಡಾದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಗುರಿ ಕೈಗೂಡಿದ್ದನ್ನು ಕಣ್ಣಾರೆ ಕಂಡು, ಅದೇ ವರ್ಷ ಜೂನ್ 28ರಂದು ಟೆರಿ ತೀರಿಕೊಂಡ. ಇಪ್ಪತ್ತಮೂರು ತುಂಬಲು ಒಂದು ತಿಂಗಳು ಬಾಕಿಯಿತ್ತು. ಬಾಟಲಿಯ ನೀರು ಅವನ ಕೈಯಿಂದ ಪೆಸಿಫಿಕ್ ಸಾಗರವನ್ನು ಸೇರಲಿಲ್ಲ.

ನಾನು ಆ ವರ್ಷ ಬಿ.ಎಡ್. ಪದವಿಗಾಗಿ ಪಾಠ ಯೋಜನೆಗಳನ್ನು ಬರೆಯುತ್ತಿದ್ದೆ. ಈ ಹೆಸರನ್ನೇ ಆಗ ಕೇಳಿರಲಿಲ್ಲ. ಎಷ್ಟೋ ವರ್ಷಗಳ ನಂತರ ಶಾಲೆಯ ಗ್ರಂಥಾಲಯದ ಹಳೆಯ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ಓದಿದಾಗ ಮೊದಲು ಹೊಳೆದದ್ದು ಇದು: ಅವನು ನಿಂತ ವಯಸ್ಸಿನಲ್ಲಿ ನಾನು ಆರಂಭಿಸಿದೆ. ಆಮೇಲೆ ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆ ಮುಗಿದ ವಾರದಲ್ಲಿ ಈ ಕಥೆ ಹೇಳುವುದು ವಾಡಿಕೆಯಾಯಿತು. ನಿಮ್ಮಲ್ಲಿ ಕೆಲವರಿಗೆ ನೆನಪಿದ್ದರೂ ಇರಬಹುದು.

ಟೆರಿ ಆಸ್ಪತ್ರೆಯಲ್ಲಿದ್ದಾಗಲೇ ಇಸಡೋರ್ ಶಾರ್ಪ್ ಅವರು, ಪ್ರತಿವರ್ಷ ಅವನ ಹೆಸರಿನಲ್ಲಿ ಓಟ ನಡೆಸುವುದಾಗಿ ತಂತಿ ಕಳುಹಿಸಿದ್ದರು. 1981ರ ಸೆಪ್ಟೆಂಬರ್ 13ರಂದು ಮೊದಲ ಟೆರಿ ಫಾಕ್ಸ್ ಓಟ ನಡೆದಾಗ ಮೂರು ಲಕ್ಷ ಜನ ಪಾಲ್ಗೊಂಡು 35 ಲಕ್ಷ ಡಾಲರ್ ಕೂಡಿಸಿದರು. ಅವನು ಹಾಕಿಕೊಟ್ಟ ಕಟ್ಟುಪಾಡಿನಂತೆ ಇದು ಸ್ಪರ್ಧೆಯಲ್ಲ, ಗೆದ್ದವರಿಲ್ಲ, ಬಹುಮಾನವಿಲ್ಲ. ಓಡುವವರು ಓಡಬಹುದು, ನಡೆಯುವವರು ನಡೆಯಬಹುದು, ಗಾಲಿಕುರ್ಚಿಯಲ್ಲಿ ಬರುವವರು ಬರಬಹುದು. ಮುಂದೆ ಅದು ಹಲವು ದೇಶಗಳಿಗೆ ಹಬ್ಬಿತು. ನಮ್ಮ ಮುಂಬಯಿ, ಚೆನ್ನೈ ನಗರಗಳಲ್ಲಿಯೂ ನಡೆದಿದೆ. ಇದುವರೆಗೆ ಅವನ ಹೆಸರಿನಲ್ಲಿ ಕೂಡಿದ ಹಣ 85 ಕೋಟಿ ಕೆನಡಾ ಡಾಲರುಗಳನ್ನು ಮೀರಿದೆ.

ಇಲ್ಲಿ ಇನ್ನೊಬ್ಬನನ್ನೂ ನೆನೆಯುವುದು ನ್ಯಾಯ. ಸ್ಟೀವ್ ಫಾನ್ಯೊ ಎಂಬ ಯುವಕ ಕೂಡ ಬಾಲ್ಯದಲ್ಲಿ ಕ್ಯಾನ್ಸರಿಗೆ ಕಾಲು ಕಳೆದುಕೊಂಡವನು. ಅವನು 1984ರಲ್ಲಿ ಹೊರಟು 1985ರ ಮೇ ತಿಂಗಳಲ್ಲಿ ಪಶ್ಚಿಮ ತೀರವನ್ನು ಮುಟ್ಟಿಯೇ ಬಿಟ್ಟ. ಟೆರಿಗೆ ಸಾಧ್ಯವಾಗದೆ ಉಳಿದುದನ್ನು ಪೂರೈಸಿದ, ಒಂದು ಕೋಟಿಗೂ ಹೆಚ್ಚು ಡಾಲರ್ ಕೂಡಿಸಿದ. ಆದರೆ ಮುಂದಿನ ಬದುಕು ವ್ಯಸನ ಮತ್ತು ನ್ಯಾಯಾಲಯದ ಪ್ರಕರಣಗಳಲ್ಲಿ ಸಿಕ್ಕಿ, ದೇಶ ಕೊಟ್ಟಿದ್ದ ಗೌರವವನ್ನು ದೇಶವೇ ಹಿಂದಕ್ಕೆ ಪಡೆಯಿತು. 2022ರಲ್ಲಿ ಅವನು ತೀರಿಕೊಂಡ. ಮಕ್ಕಳಿಗೆ ಟೆರಿಯ ಕಥೆ ಹೇಳುವಾಗ ನಾನು ಸ್ಟೀವನ ಕಥೆಯನ್ನೂ ಬಿಡದೆ ಹೇಳುತ್ತಿದ್ದೆ. ಅವನು ಕೂಡಿಸಿದ ಹಣದಿಂದ ಆದ ಸಂಶೋಧನೆಯನ್ನು ಯಾರೂ ಹಿಂದಕ್ಕೆ ಪಡೆಯಲಾರರು.

1980ರ ದಶಕದಲ್ಲಿ ಈ ಬಗೆಯ ಓಟಗಳು ಒಂದರ ಹಿಂದೊಂದು ಹುಟ್ಟಿಕೊಂಡವು. 1981ರ ಮಾರ್ಚ್ 29ರಂದು ಮೊದಲ ಲಂಡನ್ ಮ್ಯಾರಥಾನ್ ನಡೆಯಿತು. ಅದರಲ್ಲಿ ಓಡಿದವರು ಈವರೆಗೆ ಧರ್ಮಕಾರ್ಯಗಳಿಗೆ ಕೂಡಿಸಿದ ಹಣ ನೂರು ಕೋಟಿ ಪೌಂಡುಗಳಿಗೂ ಹೆಚ್ಚು. 1983ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಸ್ತನ ಕ್ಯಾನ್ಸರಿಗಾಗಿ ಮೊದಲ ಓಟ ನಡೆಯಿತು. ಅದರ ಹಿಂದೆ ಇದ್ದದ್ದು, ಆ ರೋಗದಿಂದ ತೀರಿಕೊಂಡ ಅಕ್ಕನಿಗೆ ತಂಗಿ ಕೊಟ್ಟಿದ್ದ ಮಾತು. 1985ರಲ್ಲಿ ಟಕೋಮಾ ಎಂಬಲ್ಲಿ ಗಾರ್ಡನ್ ಕ್ಲಾಟ್ ಎಂಬ ಶಸ್ತ್ರವೈದ್ಯರು ಮೈದಾನದ ಸುತ್ತ ಇಪ್ಪತ್ತನಾಲ್ಕು ಗಂಟೆ ಓಡುತ್ತ, ನಡೆಯುತ್ತ 83 ಮೈಲಿ ಪೂರೈಸಿದರು. ಅವರ ಜೊತೆ ಅರ್ಧ ಗಂಟೆ ಹೆಜ್ಜೆ ಹಾಕಲು ಸ್ನೇಹಿತರು 25 ಡಾಲರ್ ಕೊಟ್ಟರು; ಹೀಗೆ 27 ಸಾವಿರ ಡಾಲರ್ ಆಯಿತು. ರೋಗಿಗಳಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲದಿರುವಾಗ ವೈದ್ಯನೂ ಒಂದು ರಾತ್ರಿ ಎಚ್ಚರವಿರುವುದು ಅರ್ಥಪೂರ್ಣವೆಂದೇ ತೋರುತ್ತದೆ. 1994ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ 680 ಮಂದಿ ಮಹಿಳೆಯರು 'ರೇಸ್ ಫಾರ್ ಲೈಫ್' ಓಡಿದರು. ಈ ಓಟದಲ್ಲಿ ಒಂದು ಪದ್ಧತಿ ಬೆಳೆದಿದೆ. ಓಡುವವರು ತಮ್ಮ ಬೆನ್ನಿಗೆ ಒಂದು ಚೀಟಿ ಅಂಟಿಸಿಕೊಂಡು, ತಾವು ಯಾರಿಗಾಗಿ ಓಡುತ್ತಿದ್ದೇವೆಂದು ಕೈಯಾರೆ ಬರೆದುಕೊಳ್ಳುತ್ತಾರೆ. ಅಮ್ಮ, ಅಜ್ಜಿ, ಮಗಳು, ಗೆಳತಿ. ಹಿಂದೆ ಬರುವವರು ಆ ಹೆಸರುಗಳನ್ನು ಓದುತ್ತ ಓಡುತ್ತಾರೆ.

ಹೆಸರಿನ ಮಾತು ಬಂದಾಗ ಒಂದು ಸಂಗತಿ ಹೇಳಬೇಕು. ನಮ್ಮ ಕಡೆ ಬಹುಕಾಲ ಈ ರೋಗದ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. "ಆ ಕಾಯಿಲೆ", "ದೊಡ್ಡ ರೋಗ" ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ರೋಗ ತಿಳಿದ ಮೇಲೂ ರೋಗಿಗೆ ಹೇಳುತ್ತಿರಲಿಲ್ಲ, ಮಕ್ಕಳಿಗಂತೂ ಹೇಳುವ ಮಾತೇ ಇಲ್ಲ. ಇನ್ನು ರೋಗಿ ತೀರಿಕೊಂಡರೆ ಮನೆಯ ಮಕ್ಕಳೆದುರು ಆ ಹೆಸರೂ ನಿಷಿದ್ಧ. "ಪಾಪ, ಮಗು, ನೆನಪಿಸಬೇಡಿ" ಎನ್ನುತ್ತಿದ್ದರು, ನೆನಪಿಸದಿದ್ದರೆ ಮಗು ಮರೆತುಬಿಡುತ್ತದೆ ಎಂಬಂತೆ.

1990ರ ದಶಕದಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಾಯಿ ಬೆಂಗಳೂರಿನಲ್ಲಿ ಕೆಲವು ತಿಂಗಳು ಚಿಕಿತ್ಸೆ ಪಡೆದು ತೀರಿಕೊಂಡರು. ಹದಿಮೂರು ದಿನಗಳ ಕರ್ಮ ಮುಗಿಸಿ, ಬೋಳಿಸಿದ ತಲೆಗೆ ಟೋಪಿ ಹಾಕಿಕೊಂಡು ಬಂದ. ಅವನ ಬೆಂಚಿನ ಇಬ್ಬರು ಹುಡುಗರು, ಯಾರೂ ಹೇಳದೆಯೇ, ಅಷ್ಟೂ ದಿನಗಳ ನೋಟ್ಸನ್ನು ಪ್ರತಿ ಮಾಡಿ ಇಟ್ಟಿದ್ದರು. ಆ ವಾರದಲ್ಲಿಯೇ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿ ತುಂಬುವ ಕೆಲಸ. ಎಲ್ಲರೂ ಹೋದ ಮೇಲೆ ಅವನು ಅರ್ಜಿ ಹಿಡಿದು ಮೇಜಿನ ಬಳಿ ನಿಂತ. "ಸಾರ್, ತಾಯಿಯ ಹೆಸರು ಅಂತ ಇದೆಯಲ್ಲ, ಅಲ್ಲಿ ಇನ್ನೂ ಬರೆಯಬಹುದಾ?" ಎಂದು ಕೇಳಿದ. "ಬರಿ. ಅದು ಯಾವತ್ತಿಗೂ ನಿನ್ನ ತಾಯಿಯ ಹೆಸರೇ" ಎಂದೆ. ಅಲ್ಲಿಯೇ ನಿಂತು ದುಂಡಗೆ ಬರೆದ. ಆಮೇಲೆ ಆ ಹೆಸರಿನವರ ಬಗ್ಗೆ, ಅವರು ಮಾಡುತ್ತಿದ್ದ ಅಡುಗೆಯ ಬಗ್ಗೆ, ಆಸ್ಪತ್ರೆಯ ಬಗ್ಗೆ, ಶಾಲೆಯ ಗಂಟೆ ಬಾರಿಸಿ ಜವಾನ ಬಾಗಿಲು ಹಾಕಲು ಬರುವವರೆಗೂ ಮಾತಾಡಿದ. ಹದಿಮೂರು ದಿನ ಮನೆ ತುಂಬ ನೆಂಟರಿದ್ದರೂ ಅವನಿಗೆ ಮಾತಾಡಲು ಯಾರೂ ಸಿಕ್ಕಿರಲಿಲ್ಲ.

ಈ ಮಕ್ಕಳಿಗಾಗಿಯೇ ಸಂಸ್ಥೆಗಳು ಹುಟ್ಟಿದ್ದನ್ನು ನಾನು ಓದಿ ತಿಳಿದದ್ದು ನಿವೃತ್ತಿಯ ನಂತರ. ಅಮೆರಿಕದಲ್ಲಿ ಡಗಿ ಎಂಬ ಬಾಲಕನಿಗೆ ಮೆದುಳಿನಲ್ಲಿ ಗಡ್ಡೆಯಾಗಿತ್ತು. ಮಕ್ಕಳೇಕೆ ಸಾಯಬೇಕು, ಅದರ ಬಗ್ಗೆ ತನ್ನೊಡನೆ ಏಕೆ ಯಾರೂ ಮಾತಾಡುವುದಿಲ್ಲ ಎಂದು ಅವನು ಒಂಬತ್ತನೆಯ ವಯಸ್ಸಿನಲ್ಲಿ, ಸಾವಿನ ಕುರಿತು ಪುಸ್ತಕ ಬರೆದಿದ್ದ ವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ ಅವರಿಗೆ ಪತ್ರ ಬರೆದ. ಅವರು ಬಣ್ಣದ ಚಿತ್ರಗಳನ್ನು ಬಿಡಿಸಿ ದೀರ್ಘವಾಗಿ ಉತ್ತರಿಸಿದರು. ಡಗಿ 1981ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ತೀರಿಕೊಂಡ. ಟೆರಿ ಹೋದದ್ದೂ ಅದೇ ವರ್ಷ. ಮರುವರ್ಷ ಪೋರ್ಟ್‌ಲೆಂಡ್ ನಗರದಲ್ಲಿ ಬೆವರ್ಲಿ ಚಾಪೆಲ್ ಎಂಬ ದಾದಿ ಅವನ ಹೆಸರಿನಲ್ಲಿ 'ಡಗಿ ಸೆಂಟರ್' ಆರಂಭಿಸಿದರು. ಅಲ್ಲಿ ತಂದೆ, ತಾಯಿ ಅಥವಾ ಒಡಹುಟ್ಟಿದವರನ್ನು ಕಳೆದುಕೊಂಡ ಸಮವಯಸ್ಕ ಮಕ್ಕಳು ವೃತ್ತಾಕಾರವಾಗಿ ಕುಳಿತು ತಮ್ಮವರ ಬಗ್ಗೆ ಹೇಳುತ್ತಾರೆ. ಹೇಳಲು ಇಷ್ಟವಿಲ್ಲದವರು ಸುಮ್ಮನಿರಬಹುದು. ಬ್ರಿಟನ್ನಿನಲ್ಲಿ 1992ರಲ್ಲಿ 'ವಿನ್‌ಸ್ಟನ್ಸ್ ವಿಶ್', 1994ರಲ್ಲಿ ಈಗ 'ಚೈಲ್ಡ್ ಬಿರೀವ್‌ಮೆಂಟ್ ಯುಕೆ' ಎಂದು ಹೆಸರಾಗಿರುವ ಸಂಸ್ಥೆ ಹುಟ್ಟಿದವು. ಹದಿನೈದನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ರಾಜಕುಮಾರ ವಿಲಿಯಮ್ 2009ರಲ್ಲಿ ಎರಡನೆಯದರ ಪೋಷಕರಾದರು. ಇವುಗಳಿಗೆ ಹಣ ಬರುವುದು ಬಹುಪಾಲು ದಾನದಿಂದ, ಓಡುವವರು ಕೂಡಿಸಿದ್ದೂ ಅದರಲ್ಲಿ ಸೇರಿದೆ.

ದುಃಖಿತನೇ ಓಡಿ ಕೊಡುವವನಾದ ಉದಾಹರಣೆಗೆ ಫೌಜಾ ಸಿಂಗ್ ಅವರಿಗಿಂತ ದೊಡ್ಡವರಿಲ್ಲ. ಪಂಜಾಬಿನ ಜಲಂಧರ್ ಜಿಲ್ಲೆಯ ಈ ರೈತನ ಕಣ್ಣೆದುರಿಗೇ 1994ರಲ್ಲಿ ಮಗ ಕುಲದೀಪ್ ಅಪಘಾತದಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ಪತ್ನಿಯೂ ಹೋಗಿದ್ದರು. ದುಃಖದಿಂದ ಹೊರಬರಲು ಇಂಗ್ಲೆಂಡಿನಲ್ಲಿ ಓಡತೊಡಗಿದ ಅವರು 2000ದಲ್ಲಿ, ದಾಖಲೆಯ ಪ್ರಕಾರ 89ನೆಯ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನನ್ನು 6 ಗಂಟೆ 54 ನಿಮಿಷಗಳಲ್ಲಿ ಪೂರೈಸಿದರು. ಹಣ ಕೂಡಿಸಿದ್ದು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ. ತನ್ನ ಮಗನನ್ನು ಉಳಿಸಿಕೊಳ್ಳಲಾಗದ ತಂದೆ ಯಾರದೋ ಹಸುಗೂಸುಗಳಿಗಾಗಿ ಓಡಿದರು. 2025ರ ಜುಲೈಯಲ್ಲಿ, ಹುಟ್ಟೂರಿನ ಬಳಿ ವಾಹನ ಬಡಿದು ಅವರು ತೀರಿಕೊಂಡದ್ದನ್ನು ನೀವೆಲ್ಲ ಓದಿದ್ದೀರಿ.

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಗಿ, ಟೆರಿ ಓಡಿದ 1980ರಲ್ಲಿಯೇ ಸ್ವಾಯತ್ತ ಸಂಸ್ಥೆಯಾಯಿತು. ಅದರ ಹೊರಗಿನ ಪಾದಚಾರಿ ದಾರಿಯಲ್ಲಿ ಉತ್ತರ ಕರ್ನಾಟಕದಿಂದಲೂ ಮಲೆನಾಡಿನಿಂದಲೂ ಬಂದ ಕುಟುಂಬಗಳು ಬುತ್ತಿ ಬಿಚ್ಚಿ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಔಷಧದ ಖರ್ಚಿನಷ್ಟೇ ಭಾರ, ಊರು ಬಿಟ್ಟು ಬಂದು ಉಳಿಯುವ ಖರ್ಚು ಮತ್ತು ಕಳೆದುಹೋದ ಕೂಲಿ. ಮಾರತ್‌ಹಳ್ಳಿಯ ಕರುಣಾಶ್ರಯ 1994ರಲ್ಲಿ ಸ್ಥಾಪಿತವಾದ ಟ್ರಸ್ಟಿನದು. ವಾಸಿಯಾಗುವ ಹಂತವನ್ನು ದಾಟಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಮುಂಬಯಿ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ 2008ರಲ್ಲಿ ಆರಂಭವಾದ ಮೇಲೆ ನಮ್ಮಲ್ಲಿಯೂ ಓಡಿ ಕೇಳುವ ಪದ್ಧತಿ ಬೇರೂರಿದೆ.

ಭಾವನವರ ಅನುಮಾನದಲ್ಲಿ ನಿಜದ ಅಂಶವೂ ಇದೆ. ಅಂಗಿಯ ಮೇಲೆ ಕಂಪನಿಗಳ ಮುದ್ರೆಗಳು ದೊಡ್ಡದಾಗಿ, ರೋಗಿಯ ಹೆಸರು ಸಣ್ಣದಾಗಿರುವ ಓಟಗಳಿವೆ. ಪ್ರವೇಶ ಶುಲ್ಕ ಓಟದ ವ್ಯವಸ್ಥೆಗೇ ಖರ್ಚಾಗುವುದೂ ಉಂಟು. ಆದ್ದರಿಂದ ಕೊಡುವ ಮುನ್ನ, ನಾನು ಕೊಟ್ಟ ರೂಪಾಯಿ ಯಾವ ಸಂಸ್ಥೆಗೆ ಹೋಗುತ್ತದೆ, ಅದರ ಲೆಕ್ಕಪತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿ. ಕೇಳುವುದು ಅವಮಾನವಲ್ಲ. ತನ್ನ ಓಟದಿಂದ ಯಾರೂ ಲಾಭ ಮಾಡಿಕೊಳ್ಳಬಾರದೆಂದು ಹಟ ಹಿಡಿದ ಹುಡುಗನಿಗೆ ಸಲ್ಲಿಸುವ ಗೌರವ ಅದು.

ಆದರೆ ಓಟದಿಂದ ರೋಗ ವಾಸಿಯಾಗುತ್ತದೆಯೇ ಎಂಬ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ಇದು. ಓಟದಿಂದ ಹಣ, ಹಣದಿಂದ ಸಂಶೋಧನೆ, ಸಂಶೋಧನೆಯಿಂದ ನೂರರಲ್ಲಿ ಹದಿನೈದು ಐವತ್ತಾಗುವುದು. ಇದು ಒಂದು ದಾರಿ. ಇನ್ನೊಂದು ದಾರಿಗೆ ಲೆಕ್ಕವಿಲ್ಲ. ಮನೆಯ ಕೋಣೆಯಲ್ಲಿ ಪಿಸುಮಾತಾಗಿದ್ದ ರೋಗದ ಹೆಸರನ್ನೂ, ನೆನಪಿಸಬೇಡಿ ಎಂದು ಬಚ್ಚಿಟ್ಟಿದ್ದ ಸತ್ತವರ ಹೆಸರನ್ನೂ ಈ ಓಟಗಳು ಹಗಲಿನಲ್ಲಿ, ಬೀದಿಯಲ್ಲಿ, ಬೆನ್ನ ಮೇಲೆ ಬರೆದು ತೋರಿಸಿವೆ.

ಓಡಲಾಗದವರು ನಮ್ಮಲ್ಲಿ ಬಹಳ ಮಂದಿ. ನನ್ನ ಮೊಣಕಾಲುಗಳೂ ಈಗ ಮೆಟ್ಟಿಲಿಗೆ ಮುನಿಯುತ್ತವೆ. ನಿಮ್ಮ ಬೀದಿಯಲ್ಲಿ, ನಿಮ್ಮ ಮಕ್ಕಳ ಶಾಲೆಯಲ್ಲಿ, ನಮ್ಮ ನೆಂಟರಿಷ್ಟರ ಮನೆಗಳಲ್ಲಿ ಈಚೆಗೆ ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಮಗುವಿದ್ದರೆ, ಹೋದಾಗ ಹಣ್ಣಿನ ಚೀಲ ಕೊಟ್ಟು ಎದ್ದು ಬಂದುಬಿಡಬೇಡಿ. ಅವರ ಹೆಸರನ್ನು ಹೇಳಿ, ಅವರ ಬಗ್ಗೆ ಒಂದು ಮಾತು ಕೇಳಿ, ಮಗು ಹೇಳಿದರೆ ಕೇಳಿಸಿಕೊಳ್ಳಿ. ಮುಂದಿನ ಓಟಕ್ಕೆ ಹೆಸರು ಕೊಟ್ಟವರು ಯಾರಾದರೂ ಇದ್ದರೆ ನನಗೆ ಬರೆಯಿರಿ. ಯಾರಿಗಾಗಿ ಓಡುತ್ತೀರಿ ಎಂಬುದನ್ನೂ ತಪ್ಪದೆ ತಿಳಿಸಿ.